ಕಾಲುವೆಯ ಕೊನೆಯ ಹೊಲ

ಸುರಪುರದಿಂದ ಕೆಲವೇ ಮೈಲುಗಳ ದೂರದಲ್ಲಿ ಬೋನಾಳವೆಂಬ ಹಳ್ಳಿಯಿದೆ. ಹಳ್ಳಿಗಿಂತ ಅದರ ಕೆರೆಯ ಹೆಸರೇ ದೊಡ್ಡದು. ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬಂದಿಳಿಯುವುದರಿಂದ ಅದನ್ನೀಗ ಪಕ್ಷಿಧಾಮವೆಂದು ಕರೆಯುತ್ತಾರೆ. ನೋಡಬಂದವರು ಹಕ್ಕಿಗಳನ್ನು ನೋಡಿಕೊಂಡು ಹೋಗುತ್ತಾರೆ. ಕೆರೆಯ ಏರಿಯನ್ನು ನೋಡುವವರು ಕಡಿಮೆ. ಸುರಪುರದ ನಾಯಕ ಅರಸರ ಕಾಲದ್ದೆಂದು ಹೇಳಲಾಗುವ ಈ ಕೆರೆಯನ್ನು 19ನೆಯ ಶತಮಾನದ ನಡುಭಾಗದಲ್ಲಿ ಹಿಗ್ಗಿಸಿ ಬಲಪಡಿಸಿದವನು ಫಿಲಿಪ್ ಮೆಡೋಸ್ ಟೇಲರ್. ಸಗರನಾಡಿನಲ್ಲಿ ರಾಜ್ಯನೀತಿ ಎಂಬ ಮಾತನ್ನು ಎತ್ತುವವರು ಈ ಕೆರೆಯ ಏರಿಯಿಂದಲೇ ಆರಂಭಿಸುವುದು ಮೇಲು. ಒಂದು ಧೋರಣೆಯನ್ನು ಹೇಗೆ ರೂಪಿಸಬೇಕು, ಅದಕ್ಕೆ ಹಣ ಎಲ್ಲಿಂದ ತರಬೇಕು, ಯಾರ ಕೈಯಿಂದ ನಡೆಸಬೇಕು ಎಂಬ ಪ್ರಶ್ನೆಗಳೆಲ್ಲ ಇಲ್ಲಿ ಕಲ್ಲು ಮಣ್ಣುಗಳ ರೂಪದಲ್ಲಿ ಕಾಣಸಿಗುತ್ತವೆ.

ಟೇಲರನನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. 1839ರಲ್ಲಿ ಹೊರಬಂದ ‘ಕನ್‌ಫೆಷನ್ಸ್ ಆಫ್ ಎ ಥಗ್’ ಎಂಬ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಹೆಸರಾದವನು. ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಹಲವು ವರುಷ ಹಿಂದುಸ್ಥಾನದ ವಾರ್ತೆಗಳನ್ನು ಬರೆದು ಕಳಿಸಿದವನು. ಆದರೆ ಅವನು ಕಂಪನಿ ಸರಕಾರದ ಸಿವಿಲ್ ಅಧಿಕಾರಿಯಾಗಿರಲಿಲ್ಲ, ನಿಜಾಮನ ಸೈನ್ಯದಲ್ಲಿದ್ದವನು. ಭೂಮಾಪನ, ಕಟ್ಟಡದ ಕೆಲಸ, ಕಾಯಿದೆ, ಲೆಕ್ಕಪತ್ರ ಮುಂತಾದುವನ್ನು ಬಹುಮಟ್ಟಿಗೆ ತಾನೇ ಕಲಿತುಕೊಂಡ. ಸುರಪುರದ ರಾಜಾ ಕೃಷ್ಣಪ್ಪನಾಯಕ ತೀರಿಕೊಂಡ ಮೇಲೆ, ಬಾಲಕನಾದ ವೆಂಕಟಪ್ಪನಾಯಕನ ಪರವಾಗಿ ರಾಜ್ಯವನ್ನು ಯಾರು ನೋಡಿಕೊಳ್ಳಬೇಕೆಂದು ರಾಣಿ ಈಶ್ವರಮ್ಮನಿಗೂ ಪಿಡ್ಡನಾಯಕನಿಗೂ ಜಗಳ ಹತ್ತಿತು. ಆ ಜಗಳವನ್ನು ಬಗೆಹರಿಸಲು ಹೈದರಾಬಾದಿನ ರೆಸಿಡೆಂಟನಾಗಿದ್ದ ಜನರಲ್ ಫ್ರೇಜರ್ ಕಳಿಸಿದ ಟೇಲರ್ 1840ರ ದಶಕದ ಆರಂಭದಿಂದ 1853ರ ವರೆಗೆ ಸಂಸ್ಥಾನದ ಆಡಳಿತವನ್ನು ಕೈಯಲ್ಲಿಟ್ಟುಕೊಂಡಿದ್ದ. ಅವನು ವಾಸವಾಗಿದ್ದ ಬಂಗಲೆ ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಇಂದಿಗೂ ನಿಂತಿದೆ.

ಅವನು ಬಂದಾಗ ಸಂಸ್ಥಾನದ ಸ್ಥಿತಿ ಹೇಗಿತ್ತೆಂದರೆ, ನಿಜಾಮನಿಗೆ ಸಲ್ಲಬೇಕಾದ ಪೇಷ್ಕಷ್ ಬಾಕಿ. ಪಟ್ಟಕ್ಕೆ ಬಂದ ನಜರಾಣೆಯ ಸಾಲ. ಸಾಲದ ಮೇಲೆ ಸಾಹುಕಾರರ ಬಡ್ಡಿ. ಇವೆಲ್ಲವನ್ನೂ ಹೊರಬೇಕಾದ ರೈತನ ಹೊಲದಲ್ಲಿ ಮಳೆಯನ್ನು ಬಿಟ್ಟರೆ ಬೇರೆ ಆಸರೆಯಿಲ್ಲ. ಆಯುಧ ಹಿಡಿದ ಬೇಡ ಪಡೆಯವರನ್ನು ಬಲದಿಂದ ಅಡಗಿಸಹೋಗದೆ ಅವರ ಹಕ್ಕುಬಾಧ್ಯತೆಗಳನ್ನು ಒಪ್ಪಿಕೊಂಡು ಒಲಿಸಿಕೊಂಡದ್ದು ಟೇಲರನ ಜಾಣತನ. ಅದಕ್ಕಿಂತ ದೊಡ್ಡದೆಂದರೆ, ಆದಾಯವನ್ನು ಹೆಚ್ಚಿಸಬೇಕಾದರೆ ತೆರಿಗೆಯನ್ನಲ್ಲ, ನೀರನ್ನು ಹೆಚ್ಚಿಸಬೇಕೆಂದು ಅವನು ಕಂಡುಕೊಂಡದ್ದು. ಬೋನಾಳದ ಕೆರೆಯ ಕೆಲಸ ಹುಟ್ಟಿದ್ದು ಹೀಗೆ. ಕೆರೆಗೆ ಹಣ, ಕೆರೆಯಿಂದ ಬೆಳೆ, ಬೆಳೆಯಿಂದ ಕಂದಾಯ, ಕಂದಾಯದಿಂದ ಸಾಲದ ತೀರುವಳಿ: ಈ ಸರಪಳಿಯಲ್ಲಿ ಒಂದು ಕೊಂಡಿಯೂ ಅವನ ಕಣ್ಣಿಗೆ ಮರೆಯಾಗಿರಲಿಲ್ಲ. ಎಲ್ಲವೂ ಒಬ್ಬನ ಮೇಜಿನ ಮೇಲೆಯೇ ಇದ್ದುದು ಇದಕ್ಕೆ ಕಾರಣ. ಏರಿ ಎಷ್ಟು ಎತ್ತರವಾಗಬೇಕೆಂದು ಅಳೆದವನೂ ಅವನೇ, ಕೂಲಿಯ ಲೆಕ್ಕ ನೋಡಿದವನೂ ಅವನೇ, ಕೊನೆಗೆ ಕಂದಾಯ ಎತ್ತಿಸಿದವನೂ ಅವನೇ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ನಮಗೆ ಈ ಸಂಗತಿಗಳು ತಿಳಿದುಬರುವುದು ಬಹುಪಾಲು ಟೇಲರನ ಆತ್ಮಕಥೆಯಿಂದಲೇ. ಅವನು ತೀರಿಕೊಂಡ ಮರುವರುಷ, 1877ರಲ್ಲಿ, ಅದು ಪ್ರಕಟವಾಯಿತು. ತನ್ನ ಮನೆಯ ಮದುವೆಯೂಟವನ್ನು ತಾನೇ ಹೊಗಳಿಕೊಳ್ಳುವವನ ಮಾತನ್ನು ಎಷ್ಟು ನಂಬಬೇಕೋ ಅಷ್ಟನ್ನೇ ನಂಬತಕ್ಕದ್ದು. ಸುರಪುರದ ಜನ ವೆಂಕಟಪ್ಪನಾಯಕನನ್ನು ನೆನೆಯುವುದು ಟೇಲರನ ಸಾಕುಮಗನೆಂದಲ್ಲ. 1858ರಲ್ಲಿ ಬ್ರಿಟಿಷರಿಗೆ ಇದಿರಾಗಿ ನಿಂತ ವೀರನೆಂದು. 1853ರಲ್ಲಿ ಟೇಲರ್ ಸಂಸ್ಥಾನವನ್ನು ತರುಣ ರಾಜನಿಗೆ ಒಪ್ಪಿಸಿ ಹೊರಟ. ಐದು ವರುಷ ಕಳೆಯುವುದರೊಳಗೆ ಬೊಕ್ಕಸ ಬರಿದಾಗಿ ಮತ್ತೆ ಸಾಲ ಬೆಳೆದಿತ್ತು. 1858ರ ಫೆಬ್ರವರಿಯಲ್ಲಿ ಕಾಳಗವಾಯಿತು. ಬಂಧಿತನಾದ ರಾಜ ಅದೇ ವರುಷದ ಮೇ ತಿಂಗಳಿನಲ್ಲಿ ಗುಂಡಿಗೆ ಬಲಿಯಾದ. ಅದು ಆತ್ಮಹತ್ಯೆಯೋ ಅಲ್ಲವೋ ಎಂಬ ವಾದ ಇನ್ನೂ ಮುಗಿದಿಲ್ಲ. ಮುಂದೆ ಎರಡು ಮೂರು ವರುಷಗಳಲ್ಲಿ ಸಂಸ್ಥಾನವೇ ನಿಜಾಮನ ರಾಜ್ಯದಲ್ಲಿ ಸೇರಿಹೋಯಿತು.

ರಾಜನ ದುಂದುಗಾರಿಕೆಯಿಂದ ಎಲ್ಲ ಹಾಳಾಯಿತೆಂದು ಟೇಲರ್ ಹೇಳುತ್ತಾನೆ. ಹಾಗಿದ್ದರೂ ಇರಬಹುದು. ಆದರೆ ಹನ್ನೆರಡು ವರುಷ ದುಡಿದ ಆಡಳಿತಗಾರ ತನ್ನ ಹಿಂದೆ ಕೆರೆಯನ್ನು ಬಿಟ್ಟು ಹೋದನೇ ಹೊರತು ಕೆರೆಯನ್ನು ನೋಡಿಕೊಳ್ಳುವ ಕಚೇರಿಯನ್ನಾಗಲಿ, ಖರ್ಚನ್ನು ತಡೆಯುವ ಕಟ್ಟಳೆಯನ್ನಾಗಲಿ ಬಿಟ್ಟುಹೋಗಲಿಲ್ಲ ಎಂಬುದನ್ನೂ ಹೇಳಬೇಕಷ್ಟೆ. ಅವನ ಯೋಜನೆಯ ಎಲ್ಲ ಕೊಂಡಿಗಳೂ ಒಬ್ಬನ ಕೈಯಲ್ಲಿದ್ದುದರಿಂದ ಆ ಕೈ ಸರಿದೊಡನೆ ಸರಪಳಿ ಬಿಚ್ಚಿಕೊಂಡಿತು.

ಇದಾದ ನೂರು ವರುಷಗಳ ಮೇಲೆ ಅದೇ ನಾಡಿಗೆ ಬಂದ ಯೋಜನೆಯ ಕಥೆ ತಲೆಕೆಳಗಾದದ್ದು. ಅಲ್ಲಿ ಕಚೇರಿಗಳಿಗೆ ಕೊರತೆಯಿಲ್ಲ. ಕೊಂಡಿಗಳೇ ಒಂದನ್ನೊಂದು ಅರಿಯವು.

1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ಹೈದರಾಬಾದ್ ರಾಜ್ಯವನ್ನು ಬಿಟ್ಟು ಕನ್ನಡ ನಾಡನ್ನು ಕೂಡಿಕೊಂಡಾಗ ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳು ಅದರ ದಕ್ಷಿಣದ ಅಂಚಿನಲ್ಲಿದ್ದುವು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಭೀಮೆ. ಎರಡು ದೊಡ್ಡ ಹೊಳೆಗಳ ನಡುವೆ ಕುಡಿಯುವ ನೀರಿಗೆ ಕೊಡ ಹಿಡಿದು ಅಲೆಯುವ ನಾಡು ಇದು. ಎರೆಭೂಮಿಯಲ್ಲಿ ಬಿಳಿಜೋಳ, ಹತ್ತಿ, ಕುಸುಬೆ. ಮಸಾರಿಯಲ್ಲಿ ಸಜ್ಜೆ, ಶೇಂಗಾ, ತೊಗರಿ. ಮಳೆ ತಪ್ಪಿದ ವರುಷ ಗುಳೆ. 1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲಿಟ್ಟರು. ಆಲಮಟ್ಟಿಯಲ್ಲಿ ನೀರನ್ನು ಕೂಡಿಡುವುದು, ಕೆಳಗೆ ನಾರಾಯಣಪುರದಲ್ಲಿ ಅಣೆಕಟ್ಟಿ ಕಾಲುವೆಗೆ ತಿರುಗಿಸುವುದು, ಎಡದಂಡೆಯ ಕಾಲುವೆಯಿಂದ ಸುರಪುರ, ಶಹಾಪುರ, ಜೇವರ್ಗಿ, ಇಂಡಿಗಳ ಕಡೆಗೆ ಶಾಖೆಗಳನ್ನು ಒಯ್ಯುವುದು: ಇದು ಸ್ಥೂಲವಾಗಿ ಅದರ ರೂಪ. ನಾರಾಯಣಪುರದ ಅಣೆಕಟ್ಟು, ಅಂದರೆ ಇಂದಿನ ಬಸವಸಾಗರ, ಮುಗಿದದ್ದು 1982ರಲ್ಲಿ. ಮೊದಲೆರಡು ಹಂತಗಳಲ್ಲಿ ಒಟ್ಟು 173 ಟಿ.ಎಂ.ಸಿ. ನೀರನ್ನು 6.22 ಲಕ್ಷ ಹೆಕ್ಟೇರಿಗೆ ಉಣಿಸಬೇಕೆಂಬುದು ಸಂಕಲ್ಪ.

ಈ ಸಂಕಲ್ಪದ ಒಳಗೆ ಅಡಗಿದ್ದ ಧೋರಣೆಯನ್ನು ನಾವು ಸರಿಯಾಗಿ ಅರಿತುಕೊಳ್ಳಬೇಕು. ಮುಂದಿನ ಎಲ್ಲ ಜಗಳಗಳ ಬೇರು ಅಲ್ಲಿದೆ. ಯೋಜಕರ ಮುಂದೆ ಎರಡು ದಾರಿಗಳಿದ್ದುವು. ಇರುವ ನೀರನ್ನು ಕೆಲವು ಹಳ್ಳಿಗಳಿಗೆ ಹೊಟ್ಟೆತುಂಬ ಕೊಟ್ಟು ಅಲ್ಲಿ ಭತ್ತ, ಕಬ್ಬು ಬೆಳೆಸಬಹುದಾಗಿತ್ತು. ಇಲ್ಲವೆ ಅದನ್ನೇ ತೆಳ್ಳಗೆ ಹರಡಿ ಬಹಳ ಹಳ್ಳಿಗಳ ಜೋಳ, ಹತ್ತಿ, ಶೇಂಗಾ, ತೊಗರಿಗಳನ್ನು ಬರದಿಂದ ಕಾಪಾಡಬಹುದಾಗಿತ್ತು. ಅವರು ಆರಿಸಿಕೊಂಡದ್ದು ಎರಡನೆಯದನ್ನು. ನನ್ನ ಮಟ್ಟಿಗೆ ಇದು ಎಂಜಿನಿಯರಿನ ನಿರ್ಣಯವಾಗಿದ್ದಷ್ಟೇ ನ್ಯಾಯಾಧೀಶನ ನಿರ್ಣಯವೂ ಆಗಿತ್ತು. ಹಸಿವು ಹರಡಿರುವ ನಾಡಿನಲ್ಲಿ ನೀರೂ ಹರಡಿರಬೇಕು ಎಂಬ ನ್ಯಾಯ ಅದು.

ಗಣಿತದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ನಾರಾಯಣಪುರ ಎಡದಂಡೆ ಕಾಲುವೆಯ ಮೊದಲಲ್ಲಿ ಹರಿಯಬಲ್ಲ ನೀರು 10,000 ಕ್ಯೂಸೆಕ್. ಅದು ಉಣಿಸಬೇಕಾದ ಭೂಮಿ ಸುಮಾರು 4.5 ಲಕ್ಷ ಹೆಕ್ಟೇರ್. ಎಂದರೆ 11 ಲಕ್ಷ ಎಕರೆ. ಒಂದು ಕ್ಯೂಸೆಕ್ಕಿನ ಪಾಲಿಗೆ 110 ಎಕರೆ ಬಂತು. ಒಂದು ಕ್ಯೂಸೆಕ್ ನೀರು ಒಂದು ಇಡೀ ಹಗಲು ರಾತ್ರಿ ಹರಿದರೆ ಹೆಚ್ಚು ಕಡಿಮೆ 2 ಎಕರೆಯ ಮೇಲೆ ಒಂದು ಅಡಿ ನೀರು ನಿಲ್ಲುತ್ತದೆ. ಅದನ್ನೇ 110 ಎಕರೆಗೆ ಹಂಚಿದರೆ ದಿನಕ್ಕೆ ಕಾಲು ಅಂಗುಲವೂ ಬೀಳದು. ದಾರಿಯಲ್ಲಿ ಇಂಗುವುದನ್ನೂ ಆರುವುದನ್ನೂ ಇನ್ನು ಕಳೆಯಬೇಕು. ಇಷ್ಟು ನೀರಿನಲ್ಲಿ ಜೋಳ ನಗುತ್ತದೆ, ತೊಗರಿ ಹೂ ಕಟ್ಟುತ್ತದೆ. ತಿಂಗಳುಗಟ್ಟಲೆ ಕಾಲು ಮುಳುಗುವಷ್ಟು ನೀರು ಬೇಡುವ ಭತ್ತ ಬಾಯಾರಿ ಸಾಯುತ್ತದೆ. ಆದ್ದರಿಂದ ಮೇಲಿನ ಹಳ್ಳಿಯಲ್ಲಿ ಒಂದು ಎಕರೆ ಭತ್ತ ನಿಂತಿದೆಯೆಂದರೆ ಕೆಳಗೆ ಎಲ್ಲೋ ಎರಡು ಮೂರು ಎಕರೆ ಜೋಳದ ಪಾಲು ಅದರಲ್ಲಿ ನಿಂತಿದೆಯೆಂದೇ ಅರ್ಥ.

ಭತ್ತವೇ ನಿಂತಿತು. ಇದಕ್ಕೆ ಮೇಲಿನ ರೈತನ ದುರಾಸೆಯೇ ಕಾರಣವೆಂದು ಅಧಿಕಾರಿಗಳು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಅದು ಪೂರ್ಣ ಸತ್ಯವಲ್ಲ. ಅಣೆಕಟ್ಟು ಮುಗಿದಾಗ ಕಾಲುವೆಯ ತಲೆಯ ಭಾಗ ಮಾತ್ರ ಸಿದ್ಧವಾಗಿತ್ತು. ಶಾಖೆಗಳು, ವಿತರಣಾ ಕಾಲುವೆಗಳು, ಹೊಲಗಾಲುವೆಗಳು ಒಂದೊಂದಾಗಿ ಕೆಳಕ್ಕೆ ಇಳಿಯಲು ವರುಷಗಳೇ ಹಿಡಿದುವು. ಆ ವರುಷಗಳಲ್ಲಿ ಮೇಲಿನ ಹಳ್ಳಿಗಳಿಗೆ ಬೇಡವೆಂದರೂ ನೀರು. ನೀರು ಮನೆಬಾಗಿಲಿಗೆ ಬಂದು ನಿಂತಿರುವಾಗ ಜೋಳ ಬಿತ್ತು ಎಂದರೆ ಯಾವ ಒಕ್ಕಲಿಗ ಕೇಳುತ್ತಾನೆ? ಅವನು ಗದ್ದೆ ಮಟ್ಟ ಮಾಡಿಸಿದ, ಬದು ಹಾಕಿಸಿದ, ಸಾಲ ಎತ್ತಿದ. ಭತ್ತ ಬೆಳೆದು ಬಲ್ಲ ಆಂಧ್ರದ ಕಡೆಯ ರೈತರು ಬಂದು ಭೂಮಿ ಕೊಂಡರು, ಇಲ್ಲವೆ ಲಾವಣಿಗೆ ಹಿಡಿದರು. ಕ್ಯಾಂಪುಗಳೆದ್ದುವು, ಅಕ್ಕಿಯ ಗಿರಣಿಗಳೆದ್ದುವು. ಒಮ್ಮೆ ಒಂದು ಹೊಲ ಗದ್ದೆಯಾಯಿತೆಂದರೆ ಪಕ್ಕದವನಿಗೂ ಬೇರೆ ದಾರಿ ಉಳಿಯದು: ಎರೆಮಣ್ಣಿನಲ್ಲಿ ಬಸಿದು ಬರುವ ನೀರು ಅವನ ಜೋಳದ ಬುಡವನ್ನು ಕೊಳೆಸುತ್ತದೆ, ಅವನೂ ಭತ್ತ ಹಚ್ಚುತ್ತಾನೆ, ಇಲ್ಲವೆ ಸವುಳು ಜವುಳಾದ ಹೊಲವನ್ನು ಬಿಟ್ಟು ಕೂಡುತ್ತಾನೆ. ಇನ್ನು ಮಾರುಕಟ್ಟೆಯ ಮಾತು. ಭತ್ತವನ್ನು ಕಣದಿಂದಲೇ ಎತ್ತಿಕೊಂಡು ಹೋಗುವ ಗಿರಣಿಯವನಿದ್ದಾನೆ. ಬಿಳಿಜೋಳವನ್ನು ಕೇಳುವವರು ಯಾರು? ಒಂದು ಸರಕಾರ ನೀರಾವರಿ ಕಚೇರಿಯಲ್ಲಿ ಕುಳಿತು ಜೋಳ ಬೆಳೆಯಿರೆಂದು ಅಪ್ಪಣೆ ಕೊಡುತ್ತದೆ. ಅದೇ ಸರಕಾರ ಪಡಿತರದ ಅಂಗಡಿಯಲ್ಲಿ ಕುಳಿತು ದಶಕಗಳ ಕಾಲ ಅಕ್ಕಿಯನ್ನೇ ಹಂಚಿತು. ರೈತ ಕೇಳಿದ್ದು ಎರಡನೆಯ ದನಿಯನ್ನು.

ಯೋಜನೆಯ ದೋಷವೆಲ್ಲಿತ್ತೆಂದರೆ, ಬೆಳೆಯ ಪಟ್ಟಿಯನ್ನು ಕಾಗದದ ಮೇಲೆ ಬರೆದವರು ಕಾಲುವೆಯನ್ನು ಮೇಲಿನಿಂದ ಕೆಳಕ್ಕೆ ಕಟ್ಟುತ್ತ ಹೋದರೆ ನಡುವಣ ವರುಷಗಳಲ್ಲಿ ಏನಾದೀತೆಂದು ಎಣಿಸಲಿಲ್ಲ. ಅಭ್ಯಾಸಕ್ಕೆ ಬಂದ ನೀರು ಹಕ್ಕಾಗಿ ಬಲಿಯುವುದಕ್ಕೆ ಹತ್ತು ವರುಷ ಸಾಕು. ಆ ಬಳಿಕ ಅದನ್ನು ಹಿಂತೆಗೆದುಕೊಳ್ಳುವುದು ನೀರಾವರಿಯ ಪ್ರಶ್ನೆಯಾಗಿ ಉಳಿಯದೆ ಚುನಾವಣೆಯ ಪ್ರಶ್ನೆಯಾಗುತ್ತದೆ.

ಕಾಯಿದೆಗೆ ಕೊರತೆಯಿರಲಿಲ್ಲ. 1965ರ ಕರ್ನಾಟಕ ನೀರಾವರಿ ಅಧಿನಿಯಮದಲ್ಲಿ ಬೆಳೆಯ ಉಲ್ಲಂಘನೆಗೂ ನೀರಿನ ಕಳವಿಗೂ ದಂಡವುಂಟು. ಅಚ್ಚುಕಟ್ಟು ಪ್ರದೇಶಾಭಿವೃದ್ಧಿಗೆಂದು 1980ರ ಕಾಯಿದೆಯುಂಟು. ಅದರಂತೆ ಶಹಾಪುರದ ಬಳಿಯ ಭೀಮರಾಯನಗುಡಿಯಲ್ಲಿ ಪ್ರಾಧಿಕಾರವೂ ಉಂಟು. 2000ದಲ್ಲಿ ನೀರಾವರಿ ಕಾಯಿದೆಯನ್ನು ತಿದ್ದಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಅವಕಾಶ ಮಾಡಿಕೊಟ್ಟದ್ದೂ ಉಂಟು. ಪ್ರತಿ ಹಂಗಾಮಿಗೆ ಮುನ್ನ ನೀರಾವರಿ ಸಲಹಾ ಸಮಿತಿ ಕೂಡಿ, ನೀರು ಬಿಡುವ ದಿನ, ನಿಲ್ಲಿಸುವ ದಿನ, ವಾರಬಂದಿಯ ಸರದಿಗಳನ್ನು ಗೊತ್ತುಪಡಿಸುತ್ತದೆ. ಭತ್ತ, ಕಬ್ಬು ಬೆಳೆಯಕೂಡದೆಂದು ಪ್ರಕಟಣೆ ಹೊರಡುತ್ತದೆ. ಪ್ರಕಟಣೆ ಹೊರಡುವ ಹೊತ್ತಿಗೆ ಮೇಲಿನ ಹಳ್ಳಿಗಳಲ್ಲಿ ಸಸಿಮಡಿ ತಯಾರಾಗಿರುತ್ತದೆ.

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬುದು ನಮ್ಮ ನಾಡಿನ ಗಾದೆ. ಇಲ್ಲಿ ಪೂಜಾರಿಯ ಗತಿಯೂ ಹೇಳತಕ್ಕದ್ದೇ. ಕಾಲುವೆಯ ಮೇಲೆ ನಿಜವಾಗಿ ಅಧಿಕಾರ ನಡೆಸಬೇಕಾದವನು ಕಚೇರಿಯ ಮೇಲಧಿಕಾರಿಯಲ್ಲ, ತೂಬಿನ ಮುಂದೆ ನಿಲ್ಲುವ ಸೌಡಿ. ಹತ್ತಾರು ಮೈಲಿ ಕಾಲುವೆಗೆ ಬೆರಳೆಣಿಕೆಯ ಜನ. ಅವರಲ್ಲಿ ಅನೇಕರು ದಿನಗೂಲಿಯವರು, ಇಲ್ಲವೆ ಗುತ್ತಿಗೆಯವರು. ರಾತ್ರಿಯ ಹೊತ್ತು ತೂಬಿನ ಕದವನ್ನೆತ್ತಲು ಹತ್ತು ಮಂದಿ ಬಡಿಗೆ ಹಿಡಿದು ಬಂದರೆ ಅವನು ಯಾವ ಅಧಿನಿಯಮದ ಯಾವ ಕಲಮನ್ನು ಓದಿ ಹೇಳಬೇಕು? ಮಾರನೆಯ ಬೆಳಗ್ಗೆ ಅದೇ ಊರಿನ ಅಂಗಡಿಯಲ್ಲಿ ಅವನು ಚಹ ಕುಡಿಯಬೇಕು. ಕಾಯಿದೆಯನ್ನು ಅತ್ಯಂತ ಬಲವಾಗಿ ಬರೆದು ಅತ್ಯಂತ ಬಡವನ ಕೈಗೆ ಕೊಡುವ ಈ ಪದ್ಧತಿ ನೀರಾವರಿಗೆ ಮಾತ್ರ ಸೀಮಿತವಲ್ಲವೆಂಬುದನ್ನು ನಮ್ಮ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರು ಒಪ್ಪುವರೆಂದು ನಂಬಿದ್ದೇನೆ.

ಹಣದ ಸಂಗತಿಯಲ್ಲಿಯೂ ಇದೇ ವಿಚಿತ್ರ. ಯೋಜನೆಗೆ 1978ರಲ್ಲಿ ವಿಶ್ವಬ್ಯಾಂಕಿನ ಸಾಲ ದೊರೆಯಿತು. 1990ರ ದಶಕದಲ್ಲಿ, ಮುಳುಗಡೆಯಾದ ಹಳ್ಳಿಗಳ ಜನರ ಪುನರ್ವಸತಿ ಸರಿಯಾಗಿ ನಡೆಯಲಿಲ್ಲವೆಂದು ಬ್ಯಾಂಕು ಹಣವನ್ನು ತಡೆಹಿಡಿದದ್ದೂ ಆಯಿತು. ಅತ್ತ ಬಚಾವತ್ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟ 734 ಟಿ.ಎಂ.ಸಿ.ಯ ಹಂಚಿಕೆಯನ್ನು 2000ದ ಮೇ 31ರ ತರುವಾಯ ಮರುಪರಿಶೀಲನೆಗೆ ತೆರೆಯಬಹುದಾಗಿತ್ತು. ಅಷ್ಟರೊಳಗೆ ನೀರನ್ನು ಬಳಸಿ ತೋರಿಸದಿದ್ದರೆ ಪಾಲು ಕೈತಪ್ಪೀತೆಂಬ ಭಯ. ಆದುದರಿಂದ 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿತು. ಸರಕಾರದ ಭರವಸೆಯ ಮೇಲೆ ಬಾಂಡುಗಳನ್ನು ಮಾರಿ ಮಾರುಕಟ್ಟೆಯಿಂದ ಹಣ ಎತ್ತಿತು. ಕೆಲಸದ ವೇಗ ಹೆಚ್ಚಿತು. ಇದನ್ನು ಯಾರೂ ಅಲ್ಲಗಳೆಯಲಾರರು. ನಿಗಮವಿಲ್ಲದಿದ್ದರೆ ಆಲಮಟ್ಟಿಯ ಗೋಡೆ ಇನ್ನೆಷ್ಟು ವರುಷ ಅರೆಬರೆಯಾಗಿ ನಿಲ್ಲುತ್ತಿತ್ತೋ. ಆದರೆ ನೀರನ್ನು ‘ಬಳಸಿ ತೋರಿಸುವ’ ಅವಸರಕ್ಕೂ ನೀರನ್ನು ಸಮನಾಗಿ ಹಂಚುವ ತಾಳ್ಮೆಗೂ ಒಂದೇ ಮನೆಯಲ್ಲಿ ಬಾಳ್ವೆ ಆಗಲಿಲ್ಲ. ನ್ಯಾಯಮಂಡಳಿಯ ಮುಂದೆ ಲೆಕ್ಕ ಒಪ್ಪಿಸುವಾಗ ಮೇಲಿನ ಗದ್ದೆ ಕುಡಿದ ನೀರೂ ಬಳಕೆಯೇ, ಕೆಳಗಿನ ಹೊಲ ಕುಡಿದ ನೀರೂ ಬಳಕೆಯೇ.

ಬಾಂಡಿನ ಹಣವನ್ನು ಮರಳಿ ಕೊಡುವವರು ಯಾರು? ಕಾಲುವೆಗೆ ತನ್ನದೆಂಬ ಆದಾಯವಿಲ್ಲ. ನೀರಿನ ಕರ ಎಕರೆಯ ಲೆಕ್ಕದಲ್ಲಿದೆ, ನೀರಿನ ಅಳತೆಯ ಲೆಕ್ಕದಲ್ಲಿಲ್ಲ. ಅದೂ ಪೂರ್ತಿ ವಸೂಲಾಗುವುದಿಲ್ಲ. ಕಟ್ಟುವುದಕ್ಕೆ ಕೋಟಿಗಳು ಹುಟ್ಟುತ್ತವೆ, ಹೂಳೆತ್ತುವುದಕ್ಕೆ ಸಾವಿರಗಳು ಹುಟ್ಟುವುದಿಲ್ಲ. ಒಡೆದ ಕಲ್ಲಿನ ಹೊದಿಕೆ, ಜಾಲಿ ಬೆಳೆದ ಲ್ಯಾಟರಲ್ಲು, ತುಕ್ಕು ಹಿಡಿದ ಕದ ಇವು ಯಾವ ಶಿಲಾನ್ಯಾಸ ಸಮಾರಂಭಕ್ಕೂ ವಸ್ತುವಾಗಲಾರವಷ್ಟೆ. ಹೀಗೆ ಇಪ್ಪತ್ತು ಮೂವತ್ತು ವರುಷ ದುರಸ್ತಿಯಿಲ್ಲದೆ ಕೆಟ್ಟ ಕಾಲುವೆಯನ್ನು ಕೊನೆಗೆ ದುರಸ್ತಿಯೆಂದು ಕರೆಯದೆ ‘ನವೀಕರಣ’ವೆಂದು ಕರೆದು ಮತ್ತೊಂದು ದೊಡ್ಡ ಯೋಜನೆಯಾಗಿ ಕೈಗೆತ್ತಿಕೊಳ್ಳಬೇಕಾಯಿತು. ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣಕ್ಕೆ ತಗುಲಿದ ವೆಚ್ಚ ಸುಮಾರು 4,700 ಕೋಟಿ ರೂಪಾಯಿ. 2023ರ ಜನವರಿ 19ರಂದು ಕೊಡೇಕಲ್ಲಿನಲ್ಲಿ ಪ್ರಧಾನಿಗಳು ಅದನ್ನು ಉದ್ಘಾಟಿಸಿದರು. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಗಳ ಮೂರು ಲಕ್ಷ ರೈತರಿಗೆ ಇದರಿಂದ ಪ್ರಯೋಜನವೆಂದು ಅಂದು ಸಾರಲಾಯಿತು. ಕಾಲಜ್ಞಾನವನ್ನು ನುಡಿದ ಕೊಡೇಕಲ್ಲ ಬಸವಣ್ಣನ ಊರಿನಲ್ಲಿಯೇ ಈ ಭವಿಷ್ಯವಾಣಿಯೂ ನುಡಿಯಲ್ಪಟ್ಟದ್ದು ಆಕಸ್ಮಿಕವಾದರೂ ಒಪ್ಪುವಂತಿದೆ.

ಹೊಸ ಕಾಲುವೆಯ ಗೇಟುಗಳು ಜಾಣ ಗೇಟುಗಳು. ಎಷ್ಟು ನೀರು ಹೋಯಿತೆಂದು ತಾವೇ ಅಳೆದು ದೂರದ ಕಚೇರಿಗೆ ವರದಿ ಕಳಿಸುತ್ತವೆ. ಅಲ್ಲಿಂದ ಬಂದ ಅಪ್ಪಣೆಯಂತೆ ತೆರೆದು ಮುಚ್ಚುತ್ತವೆ. ಇದನ್ನು ಹಗುರಾಗಿ ಕಾಣುವವನಲ್ಲ ನಾನು. ಮೊದಲ ಬಾರಿಗೆ, ಯಾವ ಶಾಖೆಗೆ ಯಾವ ದಿನ ಎಷ್ಟು ನೀರು ಹೋಯಿತೆಂಬ ನಂಬಬಹುದಾದ ಲೆಕ್ಕವೊಂದು ಈ ನಾಡಿನಲ್ಲಿ ಹುಟ್ಟಿದೆ. ಹಿಂದೆ ಕೆಳಗಿನ ರೈತ ನೀರು ಬರಲಿಲ್ಲವೆಂದರೆ, ಬಿಟ್ಟಿದ್ದೇವೆ ಎಂಬ ಉತ್ತರ ಬರುತ್ತಿತ್ತು. ಎರಡು ಮಾತುಗಳ ನಡುವೆ ಸಾಕ್ಷಿಯಿರಲಿಲ್ಲ. ಈಗ ಸಾಕ್ಷಿಯಿದೆ. ಆದರೆ ಸಾಕ್ಷಿ ಕಚೇರಿಯ ಯಂತ್ರದಲ್ಲಿದೆ. ಹಳ್ಳಿಯ ಕಟ್ಟೆಯ ಮೇಲಿಲ್ಲ. ಅಲ್ಲದೆ ಗೇಟಿನ ಜಾಣತನ ತೂಬಿನವರೆಗೆ ಮಾತ್ರ. ತೂಬಿನಿಂದೀಚೆಗೆ, ಹೊಲಗಾಲುವೆಯಲ್ಲಿ, ಹಳೆಯ ಮನುಷ್ಯ, ಹಳೆಯ ಸಲಿಕೆ, ಹಳೆಯ ದಾಯಾದಿ ಜಗಳ. ಅಲ್ಲಿ ಬೇಕಾದದ್ದು ನೀರು ಬಳಕೆದಾರರ ಸಂಘ. ಸಂಘಗಳು ಕಾಗದದ ಮೇಲೆ ನೂರಾರಿದ್ದರೂ ಉಸಿರಾಡುವವು ಕೆಲವೇ ಎಂಬುದನ್ನು ಬಲ್ಲವರೆಲ್ಲ ಬಲ್ಲರು. ನೀರಿನ ಮೇಲೆ ಅಧಿಕಾರವಿಲ್ಲದ ಸಂಘಕ್ಕೆ ಕರ ವಸೂಲಿಯ ಹೊರೆಯನ್ನು ಮಾತ್ರ ಹೊರಿಸಿದರೆ ಅದು ಉಸಿರಾಡುವುದಾದರೂ ಹೇಗೆ?

ಈಗ ಸ್ವಲ್ಪ ಮೇಲಿನಿಂದ ನೋಡೋಣ. ಪ್ರಾದೇಶಿಕ ಅಸಮತೆಯನ್ನು ಅಳೆಯಲು ನೇಮಕವಾದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. 35 ಮಾನದಂಡಗಳಿಂದ ರಾಜ್ಯದ 175 ತಾಲೂಕುಗಳನ್ನು ತೂಗಿ, 114ನ್ನು ಹಿಂದುಳಿದವೆಂದೂ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದೂ ಅದು ಹೇಳಿತು. ನಮ್ಮ ಮೂರು ತಾಲೂಕುಗಳೂ ಆ 39ರ ಪಟ್ಟಿಯಲ್ಲಿದ್ದುವು. ಎಂಟು ವರುಷಗಳಲ್ಲಿ 31,000 ಕೋಟಿ ರೂಪಾಯಿಗಳ ವೆಚ್ಚಕ್ಕೆ ಶಿಫಾರಸು ಆಯಿತು. 2010ರ ಏಪ್ರಿಲ್‌ನಲ್ಲಿ ಮೂರು ತಾಲೂಕುಗಳು ಸೇರಿ ಯಾದಗಿರಿ ಜಿಲ್ಲೆಯಾದುವು. ಮರುವರುಷದ ಜನಗಣತಿಯಲ್ಲಿ ಹೊಸ ಜಿಲ್ಲೆಯ ಸಾಕ್ಷರತೆ ಶೇ. 51.83 ಎಂದು ಹೊರಬಂತು. ರಾಜ್ಯದಲ್ಲಿ ಎಲ್ಲಕ್ಕಿಂತ ಕಡಿಮೆ. ಸಂವಿಧಾನದ 371(ಜೆ) ವಿಧಿ ಬಂತು. 2013ರಲ್ಲಿ ಅಭಿವೃದ್ಧಿ ಮಂಡಳಿಯೂ ಬಂತು. ಅದರ ವಾರ್ಷಿಕ ಅನುದಾನ 2023-24ರ ಆಯವ್ಯಯದಲ್ಲಿ 5,000 ಕೋಟಿ ರೂಪಾಯಿಗಳವರೆಗೆ ಏರಿತು. 2018ರಲ್ಲಿ ಕೇಂದ್ರ ಸರಕಾರ ರಾಯಚೂರಿನೊಡನೆ ಯಾದಗಿರಿಯನ್ನು ‘ಮಹತ್ವಾಕಾಂಕ್ಷೆಯ ಜಿಲ್ಲೆ’ ಎಂದು ಕರೆದು, ಅಳತೆಗೆ ಇನ್ನೂ 49 ಮಾನದಂಡಗಳನ್ನು ಕೊಟ್ಟಿತು. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಅಸಮತೆಯನ್ನು ಮತ್ತೆ ತೂಗಲು ಹೊಸ ಸಮಿತಿ ನೇಮಕವಾಯಿತು.

ನಂಜುಂಡಪ್ಪನವರ ವರದಿಯನ್ನು ನಾನು ದೊಡ್ಡ ಕೆಲಸವೆಂದೇ ಎಣಿಸುತ್ತೇನೆ. ಅಲ್ಲಿಯವರೆಗೆ ನಾವು ಹಿಂದುಳಿದಿದ್ದೇವೆ ಎಂಬುದು ಭಾಷಣದ ಮಾತಾಗಿತ್ತು. ಅವರು ಅದನ್ನು ಲೆಕ್ಕದ ಮಾತನ್ನಾಗಿ ಮಾಡಿದರು. ಆದರೂ ಅಳತೆಗೋಲು ತಾಲೂಕಾಗಿದ್ದುದರಿಂದ ಒಂದು ಸಂಗತಿ ಅದರ ಕಣ್ಣಿಗೆ ಬೀಳಲಾರದು. ಸುರಪುರ, ಶಹಾಪುರ ತಾಲೂಕುಗಳ ಒಟ್ಟು ನೀರಾವರಿ ಕ್ಷೇತ್ರ ಏರಿದೆಯೆಂದು ಪಟ್ಟಿ ಹೇಳುತ್ತದೆ. ಅದು ನಿಜವೂ ಹೌದು. ಆ ಏರಿಕೆ ಮೇಲಿನ ಹತ್ತು ಹಳ್ಳಿಗಳ ಎರಡು ಬೆಳೆಯ ಭತ್ತದಿಂದ ಬಂದದ್ದೋ, ಕೆಳಗಿನ ಮೂವತ್ತು ಹಳ್ಳಿಗಳ ಒಂದೊಂದು ಬೆಳೆಯ ಜೋಳದಿಂದ ಬಂದದ್ದೋ ಎಂಬುದನ್ನು ಸರಾಸರಿ ಹೇಳುವುದಿಲ್ಲ. ಒಂದೇ ತಾಲೂಕಿನೊಳಗೆ, ಒಂದೇ ವಿತರಣಾ ಕಾಲುವೆಯ ಎರಡು ತುದಿಗಳಲ್ಲಿ, ಗಿರಣಿಯ ಮಾಲಿಕನೂ ಗುಳೆ ಹೊರಟವನೂ ಇದ್ದಾರೆ. ಶಾಲೆಯ ಹಾಜರಿ ಪುಸ್ತಕಕ್ಕೆ ಇದು ಗೊತ್ತು. ಹಿಂಗಾರಿಗೆ ನೀರು ತಲುಪದ ಊರುಗಳಿಂದ ತಾಯಿತಂದೆಗಳು ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡದ ಕೆಲಸಕ್ಕೆ ಹೊರಟಾಗ ಮಕ್ಕಳ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬೀಳತೊಡಗುತ್ತದೆ. ಸಾಕ್ಷರತೆಯ ಅಂಕಿ ಶಿಕ್ಷಣ ಇಲಾಖೆಯದು, ನೀರಿನ ಅಂಕಿ ನಿಗಮದ್ದು. ಎರಡನ್ನೂ ಒಂದು ಹಾಳೆಯ ಮೇಲೆ ಬರೆದು ನೋಡುವ ಕಚೇರಿಯಿಲ್ಲ. ಬೋನಾಳದ ಏರಿಯ ಮೇಲೆ ನಿಂತು ಟೇಲರ್ ಮಾಡಬಲ್ಲವನಾಗಿದ್ದ ಕೆಲಸವದು.

ಯಾದಗಿರಿ ತಾಲೂಕಿನ ಪಾಡು ಇನ್ನೊಂದು ಬಗೆಯದು. ಕೃಷ್ಣೆಯ ಈ ಕಾಲುವೆಯ ಉಪಕಾರ ಅದರ ಬಹುಭಾಗಕ್ಕಿಲ್ಲ. ಹತ್ತಿಕುಣಿಯಂಥ ಸಣ್ಣ ಜಲಾಶಯ, ಭೀಮೆಯ ಬ್ಯಾರೇಜುಗಳು, ಕೊಳವೆ ಬಾವಿಗಳು ಇವೇ ಗತಿ. ಕೊಡೇಕಲ್ಲಿನ ಅದೇ ಸಮಾರಂಭದಲ್ಲಿ ಜಿಲ್ಲೆಯ 700ಕ್ಕೂ ಹೆಚ್ಚು ಜನವಸತಿಗಳಿಗೂ ಮೂರು ಪಟ್ಟಣಗಳಿಗೂ ಕುಡಿಯುವ ನೀರು ಕೊಡುವ, 2,050 ಕೋಟಿ ರೂಪಾಯಿಗಳಿಗೂ ಮಿಕ್ಕಿದ ಯೋಜನೆಗೆ ಅಡಿಗಲ್ಲಿಡಲಾಯಿತು. ನಲ್ಲಿ ಹಾಕುವುದು ಸುಲಭ, ನಲ್ಲಿಯಲ್ಲಿ ನೀರು ಇರಿಸುವುದು ಕಷ್ಟ ಎಂಬುದನ್ನು ಕಾಲುವೆಯ ಕಥೆ ಓದಿದವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಇದೀಗ ಕೃಷ್ಣಾ ಮೇಲ್ದಂಡೆಯ ಮೂರನೆಯ ಹಂತದ ಮಾತು ಜೋರಾಗಿದೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಿ, ಇನ್ನೂ 130 ಟಿ.ಎಂ.ಸಿ. ನೀರನ್ನು ಐದು ಲಕ್ಷಕ್ಕೂ ಮಿಕ್ಕ ಹೆಕ್ಟೇರಿಗೆ ಒಯ್ಯಬೇಕೆಂಬ ಹಂಬಲ. ಎರಡನೆಯ ನ್ಯಾಯಮಂಡಳಿ ಎತ್ತರಕ್ಕೆ ಒಪ್ಪಿದ್ದರೂ ವ್ಯಾಜ್ಯ ಸುಪ್ರೀಮ್ ಕೋರ್ಟಿನಲ್ಲಿದೆ. ಮುಳುಗಡೆಯ ಜಮೀನಿಗೆ ಕೊಡಬೇಕಾದ ಪರಿಹಾರವೇ ಹೆಬ್ಬೆಟ್ಟವಾಗಿ ಬೆಳೆದು ನಿಂತಿದೆ. ನೀರು ಬೇಡವೆನ್ನುವವರು ಈ ನಾಡಿನಲ್ಲಿ ಯಾರೂ ಇಲ್ಲ. ಆದರೆ ಹೊಸ ಕಾಲುವೆಯ ಪ್ರತಿಯೊಂದು ಶಾಖೆಗೂ ಹೊಸದೊಂದು ತುದಿಯಿರುತ್ತದೆ. ಮತ್ತೆ ಮೇಲಿನಿಂದಲೇ ಕಟ್ಟುತ್ತ ಬಂದರೆ ಮತ್ತೆ ಅದೇ ಕಥೆ. ಈ ಬಾರಿಯಾದರೂ ವಿತರಣಾ ಕಾಲುವೆಗಳನ್ನೂ ಹೊಲಗಾಲುವೆಗಳನ್ನೂ ಕೊನೆಯ ತೂಬಿನವರೆಗೆ ಮುಗಿಸುವ ತನಕ ತಲೆಗೇಟನ್ನು ಪೂರ್ತಿ ತೆರೆಯಲಾಗದೆಂದು ಸಾಲದ ಕರಾರಿನಲ್ಲಿಯೇ ಬರೆಸಬಾರದೇಕೆ? ಜೋಳ, ತೊಗರಿಗಳಿಗೆ ಖಾತ್ರಿಯಾದ ಖರೀದಿ ಕೇಂದ್ರಗಳು ಕಾಲುವೆಯ ಮೊದಲ ಅರ್ಧದಲ್ಲಿಯೇ ಏಕೆ ಇರಬಾರದು? ಅನ್ನಭಾಗ್ಯದ ಚೀಲದಲ್ಲಿ ಬಿಳಿಜೋಳಕ್ಕೂ ನಿಶ್ಚಿತವಾದ ಪಾಲು ಇದ್ದರೆ, ಪೊಲೀಸು ಕಾವಲಿನಿಂದ ಆಗದ ಕೆಲಸ ಬೆಲೆಯಿಂದ ಆದೀತು.

ಇವುಗಳಿಗೆಲ್ಲ ಕಾಲ ಬೇಕೆಂದು ಹೇಳುವವರಿದ್ದಾರೆ. ಕಾಲ ಬೇಡದ ಕೆಲಸವೊಂದಿದೆ. ಮುಂಗಾರಿಗೆ ನೀರು ಬಿಡುವ ಮುನ್ನ ಸಲಹಾ ಸಮಿತಿ ಕೂಡುತ್ತದೆ. ಆ ಸಭೆಯ ಮೊದಲನೆಯ ವಿಷಯವಾಗಿ ಜಲಾಶಯದ ಮಟ್ಟವನ್ನು ಓದುವುದು ವಾಡಿಕೆ. ಅದರ ಬದಲು, ಹಿಂದಿನ ಹಂಗಾಮಿನಲ್ಲಿ ಶಹಾಪುರ ಶಾಖೆಯ, ಮುಡಬಾಳ ಶಾಖೆಯ, ಇಂಡಿ ಶಾಖೆಯ ಪ್ರತಿ ವಿತರಣಾ ಕಾಲುವೆಯ ಕೊನೆಯ ಗೇಟಿನಲ್ಲಿ ಎಷ್ಟು ದಿನ ನೀರು ಹರಿಯಿತೆಂಬ ಪಟ್ಟಿಯನ್ನು ಓದಲಿ. ಗೇಟುಗಳು ಅದನ್ನು ಅಳೆದಿಟ್ಟಿವೆ. ಅದೇ ಪಟ್ಟಿಯ ಪ್ರತಿಯೊಂದನ್ನು ಆಯಾ ಗ್ರಾಮ ಪಂಚಾಯತಿಯ ಗೋಡೆಗೆ ಅಂಟಿಸಲಿ. ವಾರಬಂದಿಯ ಮೊದಲ ಸರದಿ ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಕಡಿಮೆ ದಿನ ನೀರು ಕಂಡ ಕಾಲುವೆಗೆ ಸಿಗಲಿ. ಇದಕ್ಕೆ ಹೊಸ ಕಾಯಿದೆ ಬೇಡ, ಹೊಸ ಸಾಲವೂ ಬೇಡ; ಸಮಿತಿಯ ಒಂದು ಠರಾವು ಸಾಕು.